ದಬ್ಬೆ ಕಟ್ಟುವುದು: ಮುರಿದ ಮೂಳೆಯ ಆಸರೆಯ ಸುತ್ತ ಬೆಳೆದ ತಪ್ಪು ಕಲ್ಪನೆಗಳು

ಮುರಿದ ಅಥವಾ ತೀವ್ರವಾಗಿ ಉಳುಕಿದ ಕೈಕಾಲು ಅಲುಗದಂತೆ ಅದರ ಉದ್ದಕ್ಕೂ ಇರಿಸಿ ಕಟ್ಟುವ ಗಟ್ಟಿ ಪಟ್ಟಿಗೆ ವೈದ್ಯಶಾಸ್ತ್ರದಲ್ಲಿ ಸ್ಪ್ಲಿಂಟ್ ಎಂದೂ ಕನ್ನಡದ ರೂಢಿಯಲ್ಲಿ ದಬ್ಬೆ ಎಂದೂ ಹೆಸರು. ಬಿದಿರನ್ನೋ ಅಡಿಕೆಮರವನ್ನೋ ಸೀಳಿ ತೆಗೆದ ಪಟ್ಟಿಗೆ ಸಲ್ಲುವ ಈ ಹೆಸರು, ನಾಟಿ ವೈದ್ಯರು ಅಂಥ ಪಟ್ಟಿಗಳಿಂದಲೇ ಮೂಳೆ ಕಟ್ಟುತ್ತಿದ್ದುದರಿಂದ ಚಿಕಿತ್ಸೆಗೂ ಅಂಟಿಕೊಂಡಿದೆ. ಜನರ ಮಾತಿನಲ್ಲಿ ದಬ್ಬೆ, ಜೋಲಿ, ಸಿಮೆಂಟ್ ಕಟ್ಟು ಮೂರೂ ಒಂದೇ ಆಗಿಬಿಡುತ್ತವೆಯಾದರೂ ಅವುಗಳ ಕೆಲಸ ಬೇರೆ ಬೇರೆ: ಜೋಲಿಯು ಕತ್ತಿನಿಂದ ಇಳಿಬಿಟ್ಟು ಕೈಯ ಭಾರವನ್ನು ಹೊರುವ ಬಟ್ಟೆ, ಸಿಮೆಂಟ್ ಕಟ್ಟು ಎಂದು ಕರೆಸಿಕೊಳ್ಳುವುದು ವಾಸ್ತವದಲ್ಲಿ ಸಿಮೆಂಟಲ್ಲ, ಜಿಪ್ಸಮ್ ಖನಿಜವನ್ನು ಕಾಯಿಸಿ ಮಾಡಿದ ಪ್ಲಾಸ್ಟರ್ ಪುಡಿಯನ್ನು ಬಟ್ಟೆಗೆ ಹಿಡಿಸಿ, ನೀರಿನಲ್ಲಿ ಅದ್ದಿ, ಅಂಗದ ಸುತ್ತಲೂ ಸುತ್ತುವ ಪೂರ್ಣ ಕವಚ, ದಬ್ಬೆಯಾದರೋ ಒಂದೆರಡು ಬದಿಯಿಂದ ಮಾತ್ರ ಆಸರೆ ಕೊಟ್ಟು, ಉಳಿದ ಬದಿಯಲ್ಲಿ ಅಂಗ ಊದಿಕೊಳ್ಳಲು ಜಾಗ ಬಿಡುವ ಸಾಧನ. ಪೆಟ್ಟಾದ ಮೊದಲ ದಿನಗಳಲ್ಲಿ ಊತ ಹೆಚ್ಚುತ್ತಲೇ ಇರುವುದರಿಂದ ಆಸ್ಪತ್ರೆಗಳಲ್ಲಿಯೂ ಅನೇಕ ಸಲ ಮೊದಲು ಸ್ಲ್ಯಾಬ್ ಎಂಬ ಅರೆಕಟ್ಟನ್ನು ಹಾಕಿ, ಊತ ಇಳಿದ ಮೇಲೆ ಪೂರ್ತಿ ಪ್ಲಾಸ್ಟರ್ ಹಾಕುತ್ತಾರೆ.

ಈ ವ್ಯತ್ಯಾಸ ಮರೆತಾಗ ಹುಟ್ಟುವ ನಂಬಿಕೆಗಳಲ್ಲಿ ಅತ್ಯಂತ ಅಪಾಯಕಾರಿಯಾದುದು, ಕಟ್ಟು ಬಿಗಿಯಾದಷ್ಟೂ ಮೂಳೆ ಬೇಗ ಕೂಡುತ್ತದೆ ಎಂಬುದು. ಮೂಳೆಯನ್ನು ಕೂಡಿಸುವುದು ದಬ್ಬೆಯಲ್ಲ, ದೇಹವೇ; ಮುರಿದ ತುದಿಗಳ ನಡುವೆ ಮೊದಲು ರಕ್ತ ಹೆಪ್ಪುಗಟ್ಟಿ, ಅದರ ಜಾಗದಲ್ಲಿ ಮೃದುವಾದ ಅಂಗಾಂಶ ಬೆಳೆದು, ವಾರಗಳ ಅವಧಿಯಲ್ಲಿ ಅದು ಗಟ್ಟಿ ಮೂಳೆಯಾಗುವ ಈ ಕ್ರಿಯೆಗೆ ರಕ್ತಸಂಚಾರ ಬೇಕೇಬೇಕು, ಬಿಗಿತವು ಕಡಿಯುವುದು ಅದನ್ನೇ. ಮುಂಗೈ ಮತ್ತು ಮೊಳಕಾಲ ಕೆಳಗಿನ ಸ್ನಾಯುಗಳು ಹಿಗ್ಗದ ಪೊರೆಗಳಿಂದಾದ ಕೋಣೆಗಳಲ್ಲಿ ಇರುತ್ತವೆ; ಒಳಗೆ ಊತ, ಹೊರಗೆ ಬಿಗಿದ ಕಟ್ಟು ಎರಡೂ ಸೇರಿ ಒತ್ತಡ ಏರಿದಾಗ ಸ್ನಾಯುಗಳಿಗೆ ರಕ್ತ ತಲುಪದೆ, ಕೆಲವೇ ಗಂಟೆಗಳಲ್ಲಿ ಅವು ಸಾಯತೊಡಗುತ್ತವೆ. ಸತ್ತ ಸ್ನಾಯು ಕುಗ್ಗಿ, ಬೆರಳುಗಳು ಒಳಕ್ಕೆ ಮುದುರಿ ಸೆಟೆದುಕೊಳ್ಳುವ ಶಾಶ್ವತ ಊನವನ್ನು ಜರ್ಮನಿಯ ಶಸ್ತ್ರವೈದ್ಯ ರಿಚರ್ಡ್ ಫಾನ್ ಫೋಕ್‌ಮನ್ 1881ರಲ್ಲಿ ವಿವರಿಸಿದನು. ಆ ಊನಕ್ಕೆ ಇಂದಿಗೂ ಅವನ ಹೆಸರೇ ಉಳಿದಿದೆ.

ಬಿಗಿತದ ಈ ನಂಬಿಕೆಗೆ ಪರಂಪರೆಯ ಬೆಂಬಲವಿದೆ ಎಂದು ವಾದಿಸುವವರು ಸುಶ್ರುತ ಸಂಹಿತೆಯನ್ನು ಒಮ್ಮೆ ನೋಡುವುದು ಒಳ್ಳೆಯದು. ಅದರ ಚಿಕಿತ್ಸಾಸ್ಥಾನದ ಮೂರನೆಯ ಅಧ್ಯಾಯವು ಪೂರ್ತಿಯಾಗಿ ಮುರಿತಗಳ ಚಿಕಿತ್ಸೆಗೇ ಮೀಸಲಾಗಿದ್ದು, ಅತ್ತಿ, ಅರಳಿ, ಮುತ್ತುಗ, ಆಲ ಮೊದಲಾದ ಮರಗಳ ತೊಗಟೆಯನ್ನೂ ಬಿದಿರನ್ನೂ ದಬ್ಬೆಗೆ ತಕ್ಕ ವಸ್ತುಗಳೆಂದು ಹೇಳಿ, ಅವಕ್ಕೆ ಕುಶ ಎಂಬ ಹೆಸರು ಕೊಟ್ಟಿದೆ. ಕಟ್ಟು ಸಡಿಲವಾದರೆ ಸಂಧಿ ಸ್ಥಿರವಾಗುವುದಿಲ್ಲ, ಅತಿ ಬಿಗಿಯಾದರೆ ಊತ, ನೋವು, ಚರ್ಮದ ಕೀವು ಉಂಟಾಗುತ್ತವೆ, ಆದ್ದರಿಂದ ಮಧ್ಯಮವಾದ ಕಟ್ಟೇ ತಕ್ಕದ್ದು ಎಂಬುದು ಅಲ್ಲಿನ ಸ್ಪಷ್ಟ ಮತ. ಅಷ್ಟೇ ಅಲ್ಲದೆ, ಚಳಿಗಾಲದಲ್ಲಿ ಏಳು, ಸಮಶೀತೋಷ್ಣ ಕಾಲದಲ್ಲಿ ಐದು, ಬೇಸಗೆಯಲ್ಲಿ ಮೂರು ದಿನಗಳಿಗೊಮ್ಮೆ ಕಟ್ಟನ್ನು ಬಿಚ್ಚಿ ಕಟ್ಟಬೇಕೆಂದೂ ಹೇಳಿದೆ. ಕಟ್ಟಿದ ಮೇಲೆ ಅದರ ಕಡೆ ಮತ್ತೆ ಮತ್ತೆ ನೋಡಬೇಕೆಂಬ ಈ ವಿವೇಕವು ಗ್ರಂಥದ ಪ್ರಾಚೀನತೆಗಿಂತ ಹೆಚ್ಚು ಗೌರವಕ್ಕೆ ಅರ್ಹವಾದುದು.

ಕರ್ನಾಟಕದ ಊರೂರುಗಳಲ್ಲಿ ಫಲಕ ಕಾಣುವ ಪುತ್ತೂರು ಕಟ್ಟು, ದಕ್ಷಿಣ ಕನ್ನಡದ ಪುತ್ತೂರಿನದಲ್ಲ, ಆಂಧ್ರಪ್ರದೇಶದ ಪುತ್ತೂರಿನ ಹೆಸರು ಹೊತ್ತದ್ದು. ಅಂಥ ಸಾಂಪ್ರದಾಯಿಕ ಕಟ್ಟುಗಳ ವಿಷಯದಲ್ಲಿ ಬಿದಿರನ್ನೇ ದೂರುವುದು ನ್ಯಾಯವಲ್ಲ. ಬಿದಿರಿನ ದಬ್ಬೆಯೂ ಆಧುನಿಕ ದಬ್ಬೆಯೂ ಒಂದೇ ತತ್ತ್ವದ ಮೇಲೆ ನಿಂತಿವೆ. ದೋಷವಿರುವುದು ಎಕ್ಸ್‌ರೇ ಇಲ್ಲದೆ ಮೂಳೆಯ ಸ್ಥಾನವನ್ನು ಊಹಿಸುವುದರಲ್ಲಿ, ಊತದ ಮೇಲೆ ಬಿಗಿಯುವುದರಲ್ಲಿ, ಎಣ್ಣೆ ಹಚ್ಚಿ ತಿಕ್ಕುವುದರಲ್ಲಿ. ಮೊಣಕೈಗೆ ಪೆಟ್ಟಾದಾಗ ಹೀಗೆ ತಿಕ್ಕಿದರೆ ಸ್ನಾಯುವಿನೊಳಗೇ ಮೂಳೆ ಬೆಳೆದು, ಕೀಲು ಮಡಚಲಾರದ ಸ್ಥಿತಿ ಬರುವುದುಂಟು.

ಯಾವ ಕಟ್ಟಾದರೂ ಅದು ಹಿತಮಿತವಾಗಿದೆಯೇ ಎಂದು ತಿಳಿಯಲು ಬೆರಳ ತುದಿಗಳನ್ನು ಕಟ್ಟಿನಿಂದ ಹೊರಗೆ ಬಿಟ್ಟಿರಬೇಕು. ಉಗುರನ್ನು ಒತ್ತಿ ಹಿಡಿದರೆ ಅದರ ಕೆಳಗಿನ ಚರ್ಮ ಬಿಳಿಚಿಕೊಳ್ಳುತ್ತದೆ. ಬಿಟ್ಟೊಡನೆ ಸುಮಾರು ಎರಡು ಸೆಕೆಂಡುಗಳೊಳಗೆ ಕೆಂಪು ಮರಳಬೇಕು. ತಡವಾದರೆ, ಬೆರಳು ತಣ್ಣಗಾದರೆ, ಜುಮುಗುಟ್ಟಿದರೆ, ಎಲ್ಲಕ್ಕಿಂತ ಮಿಗಿಲಾಗಿ ಬೆರಳನ್ನು ಬೇರೆಯವರು ಮೆಲ್ಲನೆ ನೇರಮಾಡಿದಾಗ ತಡೆಯಲಾರದ ನೋವು ಬಂದರೆ, ಬೆಳಗಾಗಲೆಂದು ಕಾಯದೆ ಕಟ್ಟನ್ನು ಸಡಿಲಿಸಿ ವೈದ್ಯರಲ್ಲಿಗೆ ಧಾವಿಸಬೇಕು. ಕೆಂಪು ಬೇಗ ಮರಳಿದರೂ, ನಾಡಿ ಸಿಕ್ಕರೂ ಒಳಗಿನ ಒತ್ತಡ ಅಪಾಯದ ಮಟ್ಟದಲ್ಲಿರಬಹುದಾದ್ದರಿಂದ, ನೋವಿನ ದೂರನ್ನು ಕಡೆಗಣಿಸಲಾಗದು. ಮಗು ಹಟ ಮಾಡುತ್ತಿದೆಯೆಂದು ಗದರಿಸಿ ಮಲಗಿಸಿದ ಒಂದು ರಾತ್ರಿಯಲ್ಲಿ ಒಂದು ಕೈಯೇ ಹೋಗಬಹುದು.

ಬೆರಳಾಡಿದರೆ ಮೂಳೆ ಮುರಿದಿಲ್ಲ ಎಂಬುದು ಇನ್ನೊಂದು ಸುಲಭ ತೀರ್ಮಾನ. ಬೆರಳನ್ನು ಆಡಿಸುವ ಬಹುಪಾಲು ಸ್ನಾಯುಗಳು ಮುಂಗೈಯಲ್ಲಿದ್ದು, ಸ್ನಾಯುರಜ್ಜುಗಳ ಮೂಲಕ ಎಳೆಯುವುದರಿಂದ, ಮಣಿಕಟ್ಟಿನ ಮೂಳೆ ಮುರಿದಿದ್ದರೂ ಬೆರಳು ಆಡುತ್ತದೆ. ಮೊಳಕಾಲ ಕೆಳಗಿನ ಹೊರಬದಿಯ ತೆಳು ಮೂಳೆ ಮುರಿದವರು ಕೆಲವೊಮ್ಮೆ ನಡೆದುಕೊಂಡೇ ಆಸ್ಪತ್ರೆಗೆ ಬರುತ್ತಾರೆ.

ಹೇಗೂ ಆಸ್ಪತ್ರೆಗೆ ಹೋಗುವುದಿದೆ, ದಾರಿಯಲ್ಲಿ ದಬ್ಬೆಯೇಕೆ ಎಂಬ ಪ್ರಶ್ನೆಗೆ ಮೊದಲನೆಯ ಮಹಾಯುದ್ಧವೇ ಉತ್ತರ ಕೊಟ್ಟಿದೆ. ತೊಡೆಮೂಳೆ ಮುರಿದಾಗ ಹೊರಗೆ ಹನಿ ರಕ್ತ ಕಾಣದಿದ್ದರೂ ಒಳಗೆ ಒಂದು ಲೀಟರಿಗೂ ಮಿಕ್ಕಿ ಸೋರಬಹುದು. ಮುರಿದ ತುದಿಗಳು ದಾರಿಯುದ್ದಕ್ಕೂ ಅಲುಗಿದರೆ ಸೋರಿಕೆ ಹೆಚ್ಚುತ್ತದೆ. ಲಿವರ್‌ಪೂಲ್‌ನ ಹ್ಯೂ ಓವೆನ್ ಥಾಮಸ್, ಸ್ವತಃ ವೇಲ್ಸ್‌ನ ನಾಟಿ ಮೂಳೆವೈದ್ಯರ ಮನೆತನದವನು, ರೂಪಿಸಿದ್ದ ಕಬ್ಬಿಣದ ದಬ್ಬೆಯನ್ನು ಅವನ ಸಂಬಂಧಿ ರಾಬರ್ಟ್ ಜೋನ್ಸ್ ಯುದ್ಧಭೂಮಿಯಲ್ಲಿ ಬಳಕೆಗೆ ತಂದನು. ಗುಂಡೇಟಿಗೆ ತೊಡೆಮೂಳೆ ಮುರಿದವರಲ್ಲಿ ಸಾವು ನೂರಕ್ಕೆ 80ರಿಂದ 20ರ ಆಸುಪಾಸಿಗೆ ಇಳಿಯಿತೆಂದು ಆಗಿನ ವೈದ್ಯರು ಬರೆದಿದ್ದಾರೆ. ಆ 80ರ ಲೆಕ್ಕ ಉತ್ಪ್ರೇಕ್ಷಿತವೆಂದು ಹೇಳುವವರಿದ್ದರೂ, ಬೇರೆ ಸುಧಾರಣೆಗಳ ಪಾಲೂ ಆ ಇಳಿಕೆಯಲ್ಲಿ ಇದ್ದರೂ, ಗಾಯಾಳುವನ್ನು ಸಾಗಿಸುವ ಮುನ್ನವೇ ದಬ್ಬೆ ಕಟ್ಟುವುದರ ಬೆಲೆ ಅಲ್ಲಿಂದೀಚೆಗೆ ವಿವಾದಾತೀತವಾಗಿದೆ.

ಇದಕ್ಕೆ ವಿಶೇಷ ಸಾಮಗ್ರಿಯೇನೂ ಬೇಕಾಗಿಲ್ಲ. ದಪ್ಪಗೆ ಸುತ್ತಿದ ದಿನಪತ್ರಿಕೆ, ರಟ್ಟು, ಕೊಡೆ ಇವುಗಳಲ್ಲಿ ಯಾವುದನ್ನಾದರೂ ಬಟ್ಟೆಯ ಮೆತ್ತೆಯ ಮೇಲೆ ಇರಿಸಿ, ಮುರಿದ ಜಾಗದ ಮೇಲಿನ ಮತ್ತು ಕೆಳಗಿನ ಕೀಲುಗಳೆರಡೂ ಅಲುಗದಂತೆ, ಮುರಿದ ಜಾಗವನ್ನು ಮಾತ್ರ ಬಿಟ್ಟು, ದುಪಟ್ಟಾದಿಂದಲೋ ಪಂಚೆಯ ತುಂಡಿನಿಂದಲೋ ಕಟ್ಟಿದರೆ ಸಾಕು. ಸೊಟ್ಟಗಾದ ಅಂಗವನ್ನು ಮೊದಲು ಎಳೆದು ನೆಟ್ಟಗೆ ಮಾಡಬೇಕೆಂಬುದು ತಪ್ಪು. ಕಂಡ ಸ್ಥಿತಿಯಲ್ಲೇ ಅದಕ್ಕೆ ಆಸರೆ ಕೊಡಬೇಕು. ಮೂಳೆ ಚರ್ಮ ಸೀಳಿ ಹೊರಬಂದಿದ್ದರೆ ಒಳಕ್ಕೆ ತಳ್ಳದೆ, ಶುಭ್ರವಾದ ಬಟ್ಟೆ ಮುಚ್ಚಿ, 108ಕ್ಕೆ ಕರೆ ಮಾಡಬೇಕು.

ದಬ್ಬೆಯ ಉಪಯೋಗ ಮೂಳೆ ಮುರಿತಕ್ಕಷ್ಟೇ ಸೀಮಿತವೂ ಅಲ್ಲ. ಹಾವು ಕಚ್ಚಿದ ಕೈಕಾಲಿಗೆ ಹಗ್ಗ ಬಿಗಿಯುವ ರೂಢಿ ಹಳ್ಳಿಗಳಲ್ಲಿ ಇನ್ನೂ ಇದೆ. ಭಾರತದ ಚಿಕಿತ್ಸಾ ಮಾರ್ಗಸೂಚಿಯು ಅದನ್ನು ನಿಷೇಧಿಸಿ, ಮುರಿದ ಅಂಗಕ್ಕೆ ಮಾಡುವಂತೆಯೇ ದಬ್ಬೆ ಕಟ್ಟಿ, ಅಲುಗಿಸದೆ ಆಸ್ಪತ್ರೆಗೆ ಸಾಗಿಸಲು ಹೇಳುತ್ತದೆ, ಏಕೆಂದರೆ ಸ್ನಾಯುಗಳ ಚಲನೆಯೇ ವಿಷವನ್ನು ಬೇಗ ಹರಡಿಸುತ್ತದೆ.

ಹೆಚ್ಚು ಕಾಲ ಕಟ್ಟಿಟ್ಟಷ್ಟೂ ಒಳ್ಳೆಯದೆಂಬ ಎಣಿಕೆಯಿಂದ ವೈದ್ಯರು ಬಿಚ್ಚಲು ಹೇಳಿದ ದಿನ ದಾಟಿದ ಮೇಲೂ ಕಟ್ಟನ್ನು ಉಳಿಸಿಕೊಳ್ಳುವವರಿದ್ದಾರೆ. ಅಲುಗದ ಕೀಲು ಬಿಗಿದುಕೊಂಡು ಸ್ನಾಯು ಸೊರಗುತ್ತದೆ. ಅದರಲ್ಲೂ ವಯಸ್ಕರ ಮೊಣಕೈ ಮತ್ತು ಬೆರಳುಗಳು ಬಹಳ ಬೇಗ ಸೆಡೆತುಕೊಳ್ಳುತ್ತವೆ. ಆದ್ದರಿಂದ ಮುಂಗೈಗೆ ಕಟ್ಟಿರುವಾಗಲೂ, ವೈದ್ಯರು ಬೇಡವೆನ್ನದಿದ್ದರೆ, ಭುಜವನ್ನೂ ಕಟ್ಟಿನ ಹೊರಗಿರುವ ಬೆರಳುಗಳನ್ನೂ ಮೊದಲ ದಿನದಿಂದಲೇ ಆಡಿಸುತ್ತಿರಬೇಕು.