ಕಲ್ಲಿನಡಿಯ ಹುಳು ಹೇಳುವ ನೀರಿನ ಕಥೆ

ಬೆಳ್ತಂಗಡಿಯ ಘಟ್ಟದಡಿಯಿಂದ ಇಳಿಯುವ ತೋಡುಗಳ ನೀರು ನೇತ್ರಾವತಿ ಸೇರಿ, ಬಂಟ್ವಾಳದ ತುಂಬೆ ಅಣೆಕಟ್ಟಿನಲ್ಲಿ ನಿಂತು, ಮಂಗಳೂರಿನ ನಲ್ಲಿಗಳಲ್ಲಿ ಬೀಳುತ್ತದೆ. 1996ರಲ್ಲಿ ಶಿಶಿಲದಲ್ಲಿ ಕಪಿಲಾ ನದಿಗೆ ಯಾರೋ ವಿಷ ಹಾಕಿ ದೇವರ ಮೀನುಗಳು ರಾಶಿರಾಶಿಯಾಗಿ ಸತ್ತಾಗ ಊರಿಗೆ ಊರೇ ಮರುಗಿತು, ಸ್ಮಾರಕವನ್ನೂ ಕಟ್ಟಿತು. ಆದರೆ ನಿಧಾನವಾಗಿ ಕೆಡುವ ನೀರು ಹೀಗೆ ಕಣ್ಣಿಗೆ ಹೊಡೆಯುವುದಿಲ್ಲ. ಅದು ಮೊದಲು ತಟ್ಟುವುದು ಕಲ್ಲಿನಡಿಯ ಹುಳುಗಳಿಗೆ.

ಹರಿವಿರುವ ತೋಡಿನಲ್ಲಿ ಒಂದು ಕಲ್ಲನ್ನು ಮಗುಚಿದರೆ ಚಪ್ಪಟೆ ಮೈಯ, ಸಾಮಾನ್ಯವಾಗಿ ಮೂರು ಬಾಲದ ಹುಳು ಸರಸರನೆ ಸರಿಯುತ್ತದೆ. ಅದು ಮೇಫ್ಲೈ ಮರಿ. ಹೊಟ್ಟೆಯ ಎರಡೂ ಬದಿಗೆ ಎಲೆಯಂಥ ಕಿವಿರುಗಳಿದ್ದು, ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಅವುಗಳಿಂದ ಹೀರುತ್ತದೆ. 25 ಡಿಗ್ರಿಯ ನೀರು ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕವನ್ನಷ್ಟೇ ಹಿಡಿದಿಡಬಲ್ಲದು. ಚರಂಡಿಯ ಕೊಳಕು ಸೇರಿದರೆ ಅದನ್ನು ಕೊಳೆಯಿಸುವ ಬ್ಯಾಕ್ಟೀರಿಯಾಗಳೇ ಆ ಆಮ್ಲಜನಕವನ್ನು ಮುಗಿಸುತ್ತವೆ. ಆಗ ಮೇಫ್ಲೈ, ಎರಡು ಬಾಲದ ಸ್ಟೋನ್‌ಫ್ಲೈ, ಮರಳಿನ ಕಣಗಳನ್ನು ರೇಷ್ಮೆಯಿಂದ ಅಂಟಿಸಿ ಗೂಡು ಕಟ್ಟುವ ಕ್ಯಾಡಿಸ್ ಮರಿಗಳು ಕಾಣೆಯಾಗುತ್ತವೆ. ಉಳಿಯುವುದು ಕೆಂಪು ಕಿರೋನೊಮಸ್ ಹುಳು. ಅದರ ಮೈಯಲ್ಲಿ ಹಿಮೋಗ್ಲೋಬಿನ್ ಇರುವುದರಿಂದ ಕಡಿಮೆ ಆಮ್ಲಜನಕದಲ್ಲೂ ಬದುಕುತ್ತದೆ.

ಪರೀಕ್ಷಾ ಕಿಟ್ ಆ ಗಳಿಗೆಯ ನೀರನ್ನಷ್ಟೇ ಅಳೆಯುತ್ತದೆ. ನಿನ್ನೆ ಹರಿದುಹೋದ ವಿಷ ಇಂದಿನ ಬಾಟಲಿಗೆ ಸಿಗದು. ವಾರಗಳಿಂದ ತಿಂಗಳುಗಳವರೆಗೆ ಅಲ್ಲೇ ಬೆಳೆಯುವ ಮರಿ ಮಾತ್ರ ಅದನ್ನು ಅನುಭವಿಸಿರುತ್ತದೆ. ಕೊಳೆರೋಗಕ್ಕೆಂದು ಅಡಿಕೆ ತೋಟಗಳಿಗೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತು, ಅಂದರೆ ತಾಮ್ರ ಇದೆ. ತಾಮ್ರ ಈ ಕೀಟಗಳಿಗೆ ವಿಷ. ತೋಟದ ಮೇಲಿನ ಮತ್ತು ಕೆಳಗಿನ ತೋಡನ್ನು ಹೋಲಿಸಿ ನೋಡುವುದು ನಮ್ಮ ಮಕ್ಕಳು ಕೈಗೆತ್ತಿಕೊಳ್ಳಲೇಬೇಕಾದ ಕೆಲಸ.

ವಿಧಾನ ಸರಳ. ಒಬ್ಬರು ಹರಿವಿಗೆ ಅಡ್ಡವಾಗಿ ಸಣ್ಣ ಕಣ್ಣಿನ ಬಲೆ ಹಿಡಿಯಬೇಕು. ಇನ್ನೊಬ್ಬರು ಅದರ ಮುಂದೆ, ನೀರು ಬರುವ ಕಡೆ, ಕಲ್ಲುಗಳನ್ನು ಕಾಲಿನಿಂದ ಕದಡಬೇಕು. ಬಲೆಗೆ ಬಿದ್ದದ್ದನ್ನು ಬಿಳಿ ತಟ್ಟೆಗೆ ಸುರಿದು, ಎಣಿಸಿ, ಬರೆದುಕೊಂಡು, ಹುಳುಗಳನ್ನು ಮರಳಿ ತೋಡಿಗೆ ಬಿಡಬೇಕು. ಮಳೆಗಾಲದಲ್ಲಿ ತೋಡಿಗೆ ಇಳಿಯುವುದು ಬೇಡವೇ ಬೇಡ. ಇನ್ನೊಂದು ಎಚ್ಚರ: ಬೇಸಿಗೆಗೆ ರೈತರು ಹಾಕುವ ಕಟ್ಟದ ಹಿಂದೆ ನೀರು ನಿಲ್ಲುತ್ತದೆ, ಹರಿವನ್ನೇ ನಂಬಿದ ಹುಳುಗಳು ಅಲ್ಲಿ ಕಡಿಮೆ. ಅದನ್ನು ಮಾಲಿನ್ಯವೆಂದು ಬರೆದರೆ ರೈತನಿಗೆ ಅನ್ಯಾಯ. ಹರಿಯುವ ನೀರನ್ನು ಹರಿಯುವ ನೀರಿನೊಂದಿಗೇ ಹೋಲಿಸಬೇಕು.

2016ರ ಡಿಸೆಂಬರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ಕುರಿತ 'ಲೇಕ್' ಸಮ್ಮೇಳನ ಮೂಡುಬಿದಿರೆಯ ಆಳ್ವಾಸ್ ಆವರಣದಲ್ಲಿ ನಡೆಯಿತು. ವಿದ್ಯಾರ್ಥಿಗಳ ಅಧ್ಯಯನಗಳಿಗೂ ಜಾಗ ಕೊಡುವ ವೇದಿಕೆ ಅದು. ಆದರೆ ಇಂಥ ಲೆಕ್ಕ ಸಮ್ಮೇಳನಕ್ಕೇ ಮುಗಿಯಬಾರದು. 2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಗ್ರಾಮ ಪಂಚಾಯತಿಯಲ್ಲೂ ಜೀವವೈವಿಧ್ಯ ದಾಖಲಾತಿ ಇರಬೇಕು. ಶಿಕ್ಷಕರೇ, ನಿಮ್ಮ ಮಕ್ಕಳು ಎಣಿಸಿದ ಹುಳುಗಳ ಪಟ್ಟಿಯನ್ನು ದಿನಾಂಕ, ಜಾಗದ ಸಮೇತ ಅದರಲ್ಲಿ ಸೇರಿಸಲು ಕೊಡಿ.