ಹೆಣಿಗೆಯ ಸಂಚಿ

ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನ ಬಾಳೂರು ಕಾಫಿತೋಟಗಳ ನಡುವಣ ಊರು. ಜೂನ್ ತಿಂಗಳಲ್ಲಿ ತೊಡಗಿದ ಮಳೆ ಸೆಪ್ಟೆಂಬರಿನವರೆಗೆ ಇಲ್ಲಿ ಬಿಡುವು ಕೊಡುವುದು ಅಪರೂಪ. ಒಗೆದ ಬಟ್ಟೆ ಬೇಗನೆ ಒಣಗದು. ಪೆಟ್ಟಿಗೆಯಲ್ಲಿಟ್ಟ ವಸ್ತುಗಳಿಗೆ ಬೂಷ್ಟು ಹಿಡಿಯುತ್ತದೆ. ಕಬ್ಬಿಣಕ್ಕೆ ತುಕ್ಕು ಏರುತ್ತದೆ. ಒಲೆಯ ಬಳಿ ಕುಳಿತು ಉಣ್ಣೆಯ ಟೋಪಿ, ಸ್ವೆಟರುಗಳನ್ನು ಹೆಣೆಯಲು ಈ ಮಳೆಗಾಲದ ಸಂಜೆಗಳೇ ತಕ್ಕವು. ಆದರೆ ಹೆಣಿಗೆಯ ಸಲಕರಣೆಗಳಿಗೆ ಇದೇ ಕೆಟ್ಟ ಕಾಲ.

ಹಸುಗೂಸಿಗೆ ಟೋಪಿ ಹೆಣೆಯಲು ಕುಳಿತ ತಾಯಿಯೊಬ್ಬಳನ್ನು ಊಹಿಸಿಕೊಳ್ಳಬಹುದು. ಜೋಡಿಯಲ್ಲಿ ಒಂದು ಕಡ್ಡಿ ಕಾಣೆಯಾಗಿದೆ. ಉಳಿದುದಕ್ಕೆ ತುಕ್ಕು ಹಿಡಿದಿದೆ. ಒಂದೇ ಕಡ್ಡಿಯಿಂದ ಹೆಣಿಗೆ ಸಾಗದು. ತುಕ್ಕಿನ ಕಡ್ಡಿಯನ್ನು ಬಳಸಿದರೆ ಬಿಳಿಯ ಉಣ್ಣೆಯ ಮೇಲೆ ಕಂದು ಕಲೆ ಉಳಿಯುತ್ತದೆ. ಮಳೆ ಹೊಳವಾಗಿ ಪೇಟೆಯಿಂದ ಹೊಸ ಕಡ್ಡಿ ಬರುವವರೆಗೆ ಮಗು ಚಳಿಯಲ್ಲಿ ಕಾಯಬೇಕು. ಒಂದು ಬಟ್ಟೆಯ ಸಂಚಿ ಈ ತೊಂದರೆಯನ್ನು ತಪ್ಪಿಸಬಲ್ಲುದು.

ಸಂಚಿ ಕನ್ನಡ ನಾಡಿಗೆ ಹೊಸದಲ್ಲ. ಎಲೆ, ಅಡಿಕೆ, ಸುಣ್ಣದ ಡಬ್ಬಿಗಳಿಗೆ ಬೇರೆ ಬೇರೆ ಅರೆಗಳನ್ನು ಹೊಲಿದ ಚೀಲವನ್ನು ಹಿರಿಯರು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ಮೈಸೂರಿನ ಚಿಕ್ಕದೇವರಾಜ ಒಡೆಯರ (1673–1704) ಅರಮನೆಯಲ್ಲಿ ಎಲೆಯಡಿಕೆಯ ಸಂಚಿಯ ಊಳಿಗದಲ್ಲಿದ್ದ ಹೊನ್ನಮ್ಮ ‘ಹದಿಬದೆಯ ಧರ್ಮ’ವನ್ನು ಬರೆದು, ಸಂಚಿಯ ಹೊನ್ನಮ್ಮನೆಂದೇ ಪ್ರಸಿದ್ಧಳಾದಳು. ಒಂದೊಂದು ವಸ್ತುವಿಗೆ ಒಂದೊಂದು ಅರೆ ಎಂಬ ಆ ಹಳೆಯ ಜಾಣ್ಮೆಯೇ ಹೆಣಿಗೆಯ ಸಂಚಿಗೂ ತಳಹದಿ.

ಸಂಚಿ ಹೊಲಿಯುವ ಮೊದಲು ಅದರೊಳಗೆ ಇರಬೇಕಾದ ವಸ್ತುಗಳನ್ನು ಅರಿಯಬೇಕು. ಹೆಣಿಗೆಯ ಕಡ್ಡಿಗಳು ಜೋಡಿಯಾಗಿರುತ್ತವೆ. ಒಂದು ತುದಿ ಚೂಪು, ಇನ್ನೊಂದು ತುದಿಗೆ ಗುಂಡಿ. ಕ್ರೋಷಾ ಕಡ್ಡಿ ಒಂಟಿ. ಅದರ ತುದಿಯಲ್ಲಿ ಕೊಕ್ಕೆಯಿರುತ್ತದೆ. ಹೆಣಿಗೆಯ ಕಡ್ಡಿಯ ದಪ್ಪವನ್ನು ಸಂಖ್ಯೆಯಿಂದ ಗುರುತಿಸುವುದುಂಟು. ಬ್ರಿಟಿಷರ ಎಣಿಕೆಯಲ್ಲಿ ಸಂಖ್ಯೆ ಹೆಚ್ಚಿದಂತೆ ಕಡ್ಡಿ ತೆಳುವಾಗುತ್ತದೆ: 8ನೆಯ ಸಂಖ್ಯೆಯ ಕಡ್ಡಿ 4 ಮಿ.ಮೀ., 14ನೆಯದು 2 ಮಿ.ಮೀ. ದಪ್ಪ. ಬೇರೆ ಬೇರೆ ದಪ್ಪದ ಕಡ್ಡಿಗಳು ಬೆರೆತರೆ ಹೆಣಿಗೆಯ ಕಣ್ಣುಗಳು ಸಮನಾಗಿರವು. ಆದುದರಿಂದ ಪ್ರತಿಯೊಂದು ಜೋಡಿಗೂ ತನ್ನದೇ ಅರೆ ಬೇಕು.

30 ಸೆಂ.ಮೀ. ಉದ್ದದ ಕಡ್ಡಿಗಳಿಗೆ 70 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲದ ಎರಡು ತುಂಡು ಹತ್ತಿಬಟ್ಟೆ ಸಾಕು. ಹಳೆಯ ಸೀರೆಯ ಗಟ್ಟಿಭಾಗವನ್ನು ಒಳಗಿಗೂ, ದಪ್ಪ ಬಟ್ಟೆಯನ್ನು ಹೊರಗಿಗೂ ಬಳಸಬಹುದು. ಹೊಸ ಬಟ್ಟೆಯಾದರೆ ಮೊದಲು ಒಗೆದು ಒಣಗಿಸಬೇಕು. ಇಲ್ಲವಾದರೆ ಹೊಲಿದ ಮೇಲೆ ಕುಗ್ಗಿ ಅಳತೆ ಕೆಡುತ್ತದೆ. ಎರಡು ತುಂಡುಗಳ ಒಳ್ಳೆಯ ಮಗ್ಗುಲುಗಳನ್ನು ಎದುರುಬದುರಾಗಿಟ್ಟು, ಅಂಚಿನಿಂದ ಒಂದೂವರೆ ಸೆಂ.ಮೀ. ಒಳಗೆ ಸುತ್ತಲೂ ಹೊಲಿದು, ಕೈ ಹಿಡಿಸುವಷ್ಟು ಜಾಗ ಬಿಡಬೇಕು. ಆ ಕಂಡಿಯಿಂದ ಬಟ್ಟೆಯನ್ನು ಮಗುಚಿ, ಇಸ್ತ್ರಿ ಮಾಡಿ, ಕಂಡಿಯನ್ನು ಮುಚ್ಚಬೇಕು. ಈಗ ಉಳಿಯುವ ಅಳತೆ 67ಕ್ಕೆ 42 ಸೆಂ.ಮೀ.

ಕೆಳಗಿನ 20 ಸೆಂ.ಮೀ. ಭಾಗವನ್ನು ಮೇಲಕ್ಕೆ ಮಡಿಸುವುದು ಮುಂದಿನ ಕೆಲಸ. ಚೂಪಾದ ತುದಿಗಳು ತೂರದಂತೆ, ಮಡಿಕೆಯ ಒಳಗೆ ದಪ್ಪ ಬಟ್ಟೆಯ ಪಟ್ಟಿಯೊಂದನ್ನು ಮೊದಲೇ ಹೊಲಿದಿರಬೇಕು. ಬಳಿಕ ಎರಡು ಮಗ್ಗುಲುಗಳಲ್ಲಿ ಒಂದೊಂದು ಸೆಂ.ಮೀ. ಬಿಟ್ಟು, 4 ಸೆಂ.ಮೀ.ಗೊಂದರಂತೆ ಕೆಳಗಿನಿಂದ ಮೇಲಕ್ಕೆ ಹೊಲಿಗೆ ಹಾಕಿದರೆ ಹತ್ತು ಅರೆಗಳಾಗುತ್ತವೆ. ಎಳೆತ ಹೆಚ್ಚಾಗಿ ಬೀಳುವುದು ಅರೆಯ ಬಾಯಿಯ ಬಳಿ. ಅಲ್ಲಿ ಹೊಲಿಗೆಯನ್ನು ಎರಡು ಮೂರು ಸಲ ಹಿಂದೆಮುಂದೆ ನಡೆಸಬೇಕು.

ಕ್ರೋಷಾ ಕಡ್ಡಿಯ ಉದ್ದ ಸುಮಾರು 15 ಸೆಂ.ಮೀ. ಮಾತ್ರ. ಅದನ್ನು 20 ಸೆಂ.ಮೀ. ಆಳದ ಅರೆಗೆ ಹಾಕಿದರೆ ಒಳಗೇ ಮುಳುಗಿಹೋಗುತ್ತದೆ. ಆದುದರಿಂದ ಮೂರು ಅರೆಗಳಿಗೆ ಮಡಿಕೆಯಿಂದ 10 ಸೆಂ.ಮೀ. ಮೇಲೆ ಅಡ್ಡಹೊಲಿಗೆ ಹಾಕಬೇಕು. ಆಗ ಕೊಕ್ಕೆಯ ತುದಿ ಬಟ್ಟೆಗೆ ಸಿಕ್ಕಿಕೊಳ್ಳದೆ ಮೇಲೆ ಕಾಣುತ್ತದೆ. ಉಳಿದ ಏಳು ಅರೆಗಳ ಬಾಯಿಯಲ್ಲಿ ಕಡ್ಡಿಯ ಸಂಖ್ಯೆಯನ್ನು ದಾರದಿಂದ ಕಸೂತಿ ಮಾಡಿದರೆ ಯಾವ ಜೋಡಿ ಇಲ್ಲವೆಂಬುದು ನೋಡಿದೊಡನೆ ತಿಳಿಯುತ್ತದೆ. ಮೇಲೆ ಉಳಿದ ಬಟ್ಟೆಯನ್ನು ಕಡ್ಡಿಗಳ ಮೇಲೆ ಮಡಿಸಿ ಸುರುಳಿ ಸುತ್ತಿ, ಅಂಚಿಗೆ ಹೊಲಿದ ಲಾಡಿಯಿಂದ ಕಟ್ಟಿದರೆ ಸಂಚಿ ಸಿದ್ಧ. ತಲೆಕೆಳಗಾದರೂ ಕಡ್ಡಿ ಜಾರದು.

ಆದರೆ ಸಂಚಿಯೊಂದೇ ಸಾಲದು. ಹತ್ತಿಬಟ್ಟೆ ತೇವವನ್ನು ಹೀರಿಕೊಳ್ಳುತ್ತದೆ; ಒಣಹವೆ ಸಿಕ್ಕಾಗ ಅದನ್ನು ಬಿಟ್ಟುಕೊಡುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಸಿಕ್ಕ ತೇವಕ್ಕೆ ಹೊರಬೀಳುವ ದಾರಿಯಿಲ್ಲ. ಆದುದರಿಂದ ಉಕ್ಕಿನ ಕಡ್ಡಿಗಳನ್ನು ಒಣಬಟ್ಟೆಯಿಂದ ಒರೆಸಿಯೇ ಅರೆಗೆ ಹಾಕಬೇಕು. ಮಳೆಗಾಲದಲ್ಲಿ ಸಂಚಿಯನ್ನು ಬಿಚ್ಚಿ, ಕಿಡಿ ತಾಗದಷ್ಟು ದೂರದಲ್ಲಿ ಒಲೆಯ ಬೆಚ್ಚನೆಯ ಹವೆಗೆ ಆಗಾಗ ತೂಗುಹಾಕಬೇಕು. ಬಿಸಿಲು ಬಿದ್ದ ದಿನ ಅಂಗಳದಲ್ಲಿ ಹರಡಬೇಕು.

ಸಂಚಿಗೆ ತಗಲುವ ಬಟ್ಟೆ ಅಲ್ಪ, ಶ್ರಮ ಒಂದೆರಡು ದಿನದ್ದು. ಆದರೆ ಅದನ್ನು ಹೊಲಿಯುವವರು ಮೊದಲು ಅಳೆಯುವುದನ್ನು, ಆಮೇಲೆ ಕತ್ತರಿಸುವುದನ್ನು ಕಲಿಯುತ್ತಾರೆ. ಬಳಸುವವರು ತೆಗೆದ ವಸ್ತುವನ್ನು ಅದರ ಎಡೆಗೇ ಮರಳಿಸುವುದನ್ನು ಕಲಿಯುತ್ತಾರೆ. ಸಲಕರಣೆಯನ್ನು ಕಾಪಾಡಿಕೊಂಡವರ ಕೆಲಸ ನಡುವೆ ನಿಲ್ಲದು. ಬಾಳೂರಿನ ಮಳೆಯಲ್ಲಿಯೂ ಮಗುವಿನ ಟೋಪಿ ಸಕಾಲಕ್ಕೆ ಮುಗಿಯುತ್ತದೆ.