ಕಂಪನಿ ಒಳಗೇ ಹೊಸ ರೋಲ್ ಸಿಕ್ಕಿದೆಯಾ? ಹೂಂ ಅನ್ನೋ ಮುಂಚೆ ಸಂಬಳದ ಮಾತು ಮುಗಿಸಿ

ಇವತ್ತು ಮಾತಾಡ್ತಿರೋದು ನಾನೇ ಕೈ ಸುಟ್ಟುಕೊಂಡ ವಿಷಯ. ಕಂಪನಿ ಬಿಡದೆ, ಅದೇ ಕಂಪನಿಯೊಳಗೆ ಇನ್ನೊಂದು ಟೀಮಿಗೆ, ಇನ್ನೊಂದು ರೋಲ್‌ಗೆ ಹೋಗುವಾಗ ಸಂಬಳ ಹೆಚ್ಚು ಕೇಳೋದು ಹೇಗೆ ಅಂತ.

ಹೊರಗಿನ ಕಂಪನಿಗೆ ಹೋಗುವಾಗ ನಾವೆಲ್ಲ ಜೋರಾಗೇ ಕೇಳ್ತೀವಿ. 30% ಕೊಡಿ, ಜಾಯಿನಿಂಗ್ ಬೋನಸ್ ಕೊಡಿ ಅಂತ ಎಚ್‌ಆರ್ ಜೊತೆ ಮೂರು ಸಲ ಫೋನಿನಲ್ಲಿ ಜಗ್ಗಾಡ್ತೀವಿ. ಒಳಗೇ ಬದಲಾಗುವಾಗ ಮಾತ್ರ ಬಾಯಿ ಕಟ್ಟಿಹೋಗುತ್ತೆ. "ಅವಕಾಶ ಕೊಟ್ಟಿದ್ದಾರೆ, ಮೇಲಿಂದ ದುಡ್ಡೂ ಕೇಳಿದ್ರೆ ಏನಂದ್ಕೋತಾರೋ" ಅನ್ನೋ ಸಂಕೋಚ.

ಆ ಸಂಕೋಚಕ್ಕೆ ನಾನು ಎಷ್ಟು ದುಡ್ಡು ಕಟ್ಟಿದೆ ಅನ್ನೋದನ್ನ ಮೊದಲು ಹೇಳ್ತೀನಿ.

ನಾನು ಮಾಡಿದ ತಪ್ಪು

ಎಂಟೆಕ್ ಮುಗಿಸಿ ಪುಣೆಗೆ ಬಂದೆ. ಹಿಂಜವಡಿಯ ಒಂದು ಕಂಪನಿಯಲ್ಲಿ ಪ್ರೊಡಕ್ಷನ್ ಸಪೋರ್ಟ್ ಕೆಲಸ. ರಾತ್ರಿ ಪಾಳಿ, ಟಿಕೆಟ್, ಕಾಲ್, ಇಷ್ಟೇ. ಕೆಲವು ವರ್ಷ ಆದಮೇಲೆ ಅದೇ ಕಂಪನಿಯ ಪ್ಲಾಟ್‌ಫಾರ್ಮ್ ಟೀಮಿನಲ್ಲಿ ಜಾಗ ಖಾಲಿ ಇದೆ ಅಂತ ಐಜೆಪಿ ಬಂತು, ಅಂದ್ರೆ ಇಂಟರ್ನಲ್ ಜಾಬ್ ಪೋಸ್ಟಿಂಗ್. ಅಪ್ಲೈ ಮಾಡಿದೆ, ಮೂರು ರೌಂಡ್ ಇಂಟರ್‌ವ್ಯೂ ಆಯ್ತು, ಸೆಲೆಕ್ಟ್ ಆದೆ. ಆಗ ನನ್ನ ಸಿಟಿಸಿ 11.5 ಲಕ್ಷ.

ಹೊಸ ಮ್ಯಾನೇಜರ್ ಒಳ್ಳೆ ಮನುಷ್ಯರೇ. "ಮೊದಲು ಬಂದು ಸೇರ್ಕೋ, ದುಡ್ಡಿನ ವಿಷಯ ಏಪ್ರಿಲ್ ಅಪ್ರೈಸಲ್‌ನಲ್ಲಿ ನೋಡೋಣ" ಅಂದ್ರು. ರಾತ್ರಿ ಪಾಳಿ ತಪ್ಪಿತಲ್ಲ ಅನ್ನೋ ಖುಷಿಯಲ್ಲಿ ಹೂಂ ಅಂದುಬಿಟ್ಟೆ. ಏಪ್ರಿಲ್ ಬಂತು. ಸಿಕ್ಕಿದ್ದು 8%. ಕಾರಣ ಕೇಳಿದ್ರೆ, "ಈ ರೋಲ್‌ನಲ್ಲಿ ಇನ್ನೂ ಮೂರೇ ತಿಂಗಳು, ರೇಟಿಂಗ್ ಕೊಡೋಕೆ ಸಾಲದು" ಅಂದ್ರು. 11.5 ಹೋಗಿ 12.42 ಲಕ್ಷ ಆಯ್ತು.

ಅದಾಗಿ ಎರಡು ತಿಂಗಳಿಗೆ ನಮ್ಮ ಟೀಮಿಗೆ ಇನ್ನೊಬ್ಬರು ಬೇಕಾದ್ರು. ನನ್ನದೇ ಗ್ರೇಡ್, ನನ್ನದೇ ಕೆಲಸ. ಇಂಟರ್‌ವ್ಯೂ ತಗೊಳ್ಳೋಕೆ ನನ್ನನ್ನೇ ಕೂರಿಸಿದ್ರು. ಕಳಿಸಿದ ಶೀಟಿನಲ್ಲಿ ಆ ಹುದ್ದೆಗೆ ಇಟ್ಟಿದ್ದ ಬಜೆಟ್ ಇತ್ತು: 16ರಿಂದ 20 ಲಕ್ಷ. ಅವತ್ತು ಬಂದ ಹುಡುಗನಿಗೆ ಪ್ರಶ್ನೆ ಕೇಳ್ತಾ ಇದ್ದೆ, ತಲೆಯಲ್ಲಿ ಒಂದೇ ಲೆಕ್ಕ ಓಡ್ತಾ ಇತ್ತು. ಅವನು 16ಕ್ಕೇ ಒಪ್ಪಿಕೊಂಡ್ರೂ ನನಗಿಂತ ವರ್ಷಕ್ಕೆ ಮೂರೂವರೆ ಲಕ್ಷ ಹೆಚ್ಚು. ಮತ್ತೆ ಅವನಿಗೆ ಕೆಲಸ ಕಲಿಸೋನು ನಾನು.

ಇಲ್ಲಿ ಯಾರೂ ನನಗೆ ಮೋಸ ಮಾಡಿರಲಿಲ್ಲ. ನಾನು ಕೇಳಬೇಕಾದ ಹೊತ್ತಲ್ಲಿ ಕೇಳಿರಲಿಲ್ಲ, ಅಷ್ಟೇ. ಅಮ್ಮ ದಾವಣಗೆರೆ ಮಾರ್ಕೆಟ್‌ನಲ್ಲಿ ತರಕಾರಿ ಚೀಲಕ್ಕೆ ಹಾಕಿಸಿಕೊಳ್ಳೋ ಮುಂಚೆನೇ ರೇಟು ಮಾತಾಡ್ತಿದ್ರು. ಚೀಲಕ್ಕೆ ಬಿದ್ದಮೇಲೆ ಅಂಗಡಿಯವರು ಹೇಳಿದ್ದೇ ರೇಟು. ಇಲ್ಲಿ ನಾನೇ ಚೀಲಕ್ಕೆ ಬಿದ್ದಿದ್ದೆ.

ಯಾವಾಗ ಕೇಳಬೇಕು

ಒಳಗಿನ ಬದಲಾವಣೆಯಲ್ಲಿ ಎರಡು ದಿನ ಮುಖ್ಯ. ಒಂದು, "ನೀನು ಸೆಲೆಕ್ಟ್ ಆಗಿದ್ದೀಯ" ಅಂತ ಹೊಸ ಮ್ಯಾನೇಜರ್ ಹೇಳೋ ದಿನ. ಇನ್ನೊಂದು, ಹಳೆ ಟೀಮಿಂದ ರಿಲೀಸ್ ಡೇಟ್ ಪಕ್ಕಾ ಆಗೋ ದಿನ. ಇವೆರಡರ ಮಧ್ಯೆ ಇರೋ ಒಂದೆರಡು ವಾರನೇ ನಿಮ್ಮ ಕಾಲ.

ಅದಕ್ಕಿಂತ ಮೊದಲು ಕೇಳಿದ್ರೆ, ಅವರಿಗೆ ನೀವು ಇನ್ನೂ ಹತ್ತು ಜನರಲ್ಲಿ ಒಬ್ಬರು. ರಿಲೀಸ್ ಆದಮೇಲೆ ಕೇಳಿದ್ರೆ ಹಳೆ ಟೀಮ್ ನಿಮ್ಮ ಜಾಗಕ್ಕೆ ಬೇರೆಯವರನ್ನ ತಂದಿರುತ್ತೆ, ವಾಪಸ್ ಹೋಗೋ ಹಾಗಿಲ್ಲ ಅಂತ ಎಲ್ಲರಿಗೂ ಗೊತ್ತಿರುತ್ತೆ. ಮಧ್ಯದಲ್ಲಿ ಮಾತ್ರ ಹೊಸ ಮ್ಯಾನೇಜರ್‌ಗೆ ನೀವು ಬೇಕು, ನೀವು ಇನ್ನೂ ಹೂಂ ಅಂದಿಲ್ಲ.

ಆಗ ಅವರ ಕಡೆಯ ಲೆಕ್ಕವನ್ನೂ ನೋಡಿ. ನಿಮ್ಮ ಬದಲು ಹೊರಗಿಂದ ಒಬ್ಬರನ್ನ 22 ಲಕ್ಷಕ್ಕೆ ತಂದ್ರೆ, ಕನ್ಸಲ್ಟೆನ್ಸಿ ಮೂಲಕ ಬಂದಿದ್ರೆ ಒಂದು ತಿಂಗಳ ಸಂಬಳದಷ್ಟು, ಅಂದ್ರೆ 8.33% ಕಮಿಷನ್ ಕೊಡೋದು ನಮ್ಮಲ್ಲಿ ರೂಢಿ. ಅದೇ 1.83 ಲಕ್ಷ. ಜೊತೆಗೆ 60ರಿಂದ 90 ದಿನ ನೋಟಿಸ್ ಪೀರಿಯಡ್ ಕಾಯಬೇಕು, ಕೊನೇ ದಿನ ಆಫರ್ ಬಿಟ್ಟು ಹೋಗೋ ಭಯ ಬೇರೆ. ಬಂದಮೇಲೂ ಸಿಸ್ಟಮ್ ಕಲಿಯೋಕೆ ತಿಂಗಳುಗಟ್ಟಲೆ ಬೇಕು. ನಿಮಗೆ ಇದ್ಯಾವುದೂ ಬೇಡ. ಇದನ್ನ ನೀವು ಬಾಯಿಬಿಟ್ಟು ಹೇಳಬೇಕಾಗಿಲ್ಲ, ಮ್ಯಾನೇಜರ್‌ಗೆ ಗೊತ್ತಿರುತ್ತೆ. ನಿಮಗೂ ಗೊತ್ತಿದ್ರೆ ಸಂಕೋಚ ಅರ್ಧ ಇಳಿಯುತ್ತೆ.

ಪರ್ಸೆಂಟ್ ಬೇಡ, ಬ್ಯಾಂಡ್ ಕೇಳಿ

ಹೊಸ ಹುದ್ದೆಗೆ ಹೊರಗಿಂದ ಬರೋರಿಗೆ ಸಂಬಳ ನಿಗದಿ ಮಾಡೋದು ಆ ರೋಲ್‌ನ ಬ್ಯಾಂಡ್ ನೋಡಿ. ಒಳಗಿಂದ ಬರೋರಿಗೆ ಮಾಡೋದು ಹಳೆ ಸಂಬಳದ ಮೇಲೆ ಇಷ್ಟು ಪರ್ಸೆಂಟ್ ಅಂತ. ನೀವು "15% ಹೈಕ್ ಕೊಡಿ" ಅಂತ ಶುರು ಮಾಡಿದ ತಕ್ಷಣ ಅವರ ಅಳತೆಕೋಲನ್ನೇ ಒಪ್ಪಿಕೊಂಡ ಹಾಗೆ. ಹಳೆ ಸಂಬಳ ಕಡಿಮೆ ಇದ್ರೆ ಅದರ ಪರ್ಸೆಂಟೂ ಕಡಿಮೆನೇ.

ಎರಡನೇ ಸಲ ನಾನು ಹೀಗೆ ಮಾಡಿದೆ. ವರ್ಷಕ್ಕೆ 7% ಹಾಗೆ ಮೂರು ವರ್ಷ ಕಳೆದು ನನ್ನ ಸಿಟಿಸಿ 15.2 ಲಕ್ಷ ಆಗಿತ್ತು. ಇನ್ನೊಂದು ಟೀಮಿನಲ್ಲಿ ಒಂದು ಗ್ರೇಡ್ ಮೇಲಿನ ರೋಲ್ ಸಿಕ್ತು. ಈ ಸಲ ಎಚ್‌ಆರ್‌ಗೆ ಮೊದಲ ಪ್ರಶ್ನೆಯೇ, "ಈ ಗ್ರೇಡಿನ ಬ್ಯಾಂಡ್ ಎಷ್ಟರಿಂದ ಎಷ್ಟು?" ಕೆಲವು ಕಂಪನಿ ಹೇಳುತ್ತೆ, ಕೆಲವು ಹೇಳಲ್ಲ. ಹೇಳದಿದ್ರೆ ಅದೇ ಗ್ರೇಡಿಗೆ ರೆಫರಲ್ ಕೊಟ್ಟವರನ್ನ, ಇಂಟರ್‌ವ್ಯೂ ಪ್ಯಾನೆಲ್‌ನಲ್ಲಿ ಕೂರೋರನ್ನ ಕೇಳಿದ್ರೆ ಅಂದಾಜು ಸಿಗುತ್ತೆ. ನನಗೆ ಸಿಕ್ಕಿದ್ದು 18ರಿಂದ 26 ಲಕ್ಷ.

ಈ ಬ್ಯಾಂಡಿನ ಮಧ್ಯದ ಅಂಕಿ 22. ನಿಮ್ಮ ಸಂಬಳವನ್ನ ಆ ಮಧ್ಯದ ಅಂಕಿಯಿಂದ ಭಾಗಿಸಿದ್ರೆ ಬರೋದನ್ನ ಎಚ್‌ಆರ್‌ನವರು ಕಾಂಪಾ ರೇಶಿಯೋ ಅಂತಾರೆ. ನನ್ನದು 15.2 ಭಾಗಿಸು 22, ಅಂದ್ರೆ 0.69. ಮಧ್ಯಕ್ಕಿಂತ ಶೇಕಡಾ 31ರಷ್ಟು ಕೆಳಗೆ. ಎಚ್‌ಆರ್, "ಇಂಟರ್ನಲ್ ಮೂವ್‌ಗೆ 10%ಗಿಂತ ಜಾಸ್ತಿ ಕೊಡೋ ಪಾಲಿಸಿ ಇಲ್ಲ" ಅಂದ್ರು. ನಾನು ಹೇಳಿದ್ದು ಇಷ್ಟೇ:

"10% ಸೇರಿಸಿದ್ರೆ 16.72 ಆಗುತ್ತೆ. ಅದು ಈ ಗ್ರೇಡಿನ ಕೆಳಮಿತಿಗಿಂತಲೂ ಕೆಳಗೆ. ಇದೇ ಕೆಲಸಕ್ಕೆ ಹೊರಗಿಂದ ಬರೋರಿಗೆ 18ಕ್ಕಿಂತ ಕಡಿಮೆ ಕೊಡೋ ಹಾಗಿಲ್ಲ. ನಾನು 21 ಕೇಳ್ತಿದ್ದೀನಿ. ಎಕ್ಸೆಪ್ಶನ್ ಅಪ್ರೂವಲ್‌ಗೆ ಕಳಿಸೋಕೆ ಆಗುತ್ತಾ?"

ಅಷ್ಟು ಹೇಳಿ ಸುಮ್ಮನಾದೆ. ಇದು ಕಷ್ಟದ ಭಾಗ. ಆ ಮೌನ ತಡೆಯೋಕಾಗದೆ ನಾವೇ "ಪರವಾಗಿಲ್ಲ ಬಿಡಿ, ನೋಡಿ ಮಾಡಿ" ಅಂದುಬಿಡ್ತೀವಿ. ಅನ್ನಬೇಡಿ. ಎಚ್‌ಆರ್ ಹೊಸ ಮ್ಯಾನೇಜರ್ ಜೊತೆ ಮಾತಾಡಿದ್ರು, ಮ್ಯಾನೇಜರ್ ಅವರ ಮೇಲಿನವರಿಗೆ ಬರೆದ್ರು. ಹನ್ನೊಂದು ದಿನ ಆದಮೇಲೆ 18.6 ಲಕ್ಷ ಅಂತ ಬಂತು. 21 ಸಿಗಲಿಲ್ಲ. ಆದ್ರೆ 10%ರ ಜಾಗದಲ್ಲಿ 22% ಸಿಕ್ತು, ಕೆಳಮಿತಿ ದಾಟಿದೆ.

ಹೊರಗಿನ ಆಫರ್ ಇದೆ ಅಂತ ಸುಳ್ಳು ಮಾತ್ರ ಹೇಳಬೇಡಿ. "ಸರಿ, ಹೋಗಿ ಬಾ" ಅಂದ್ರೆ ಎರಡು ಟೀಮೂ ಕೈಬಿಡುತ್ತೆ.

ಲೆಟರ್‌ನಲ್ಲಿ ಏನೇನು ಇರಬೇಕು

ಬಾಯಿಮಾತಿನ ಮ್ಯಾನೇಜರ್ ಆರು ತಿಂಗಳಿಗೆ ಬೇರೆ ಕಡೆ ಹೋಗಿರ್ತಾರೆ. ಅದಕ್ಕೆ ಈ ನಾಲ್ಕು ವಿಷಯ ಮೇಲ್‌ನಲ್ಲಿ ಬರಲಿ.

ಒಂದು, ಹೊಸ ಗ್ರೇಡ್ ಮತ್ತು ಯಾವ ದಿನಾಂಕದಿಂದ ಜಾರಿ. ಕೆಲಸ ಹೊಸದು, ಗ್ರೇಡ್ ಹಳೆಯದು ಅಂದ್ರೆ ಅದು ಲ್ಯಾಟರಲ್ ಮೂವ್, ಪ್ರಮೋಷನ್ ಅಲ್ಲ.

ಎರಡು, ಮುಂದಿನ ಏಪ್ರಿಲ್ ಇನ್‌ಕ್ರಿಮೆಂಟಿಗೆ ನಿಮ್ಮ ಹೆಸರು ಇರುತ್ತಾ? "ಈಗ ತಾನೇ ಕೊಟ್ಟಿದ್ದೀವಲ್ಲ" ಅಂತ ಆ ವರ್ಷದ್ದು ತಪ್ಪಿಸೋದು ಬಹಳ ಕಡೆ ನಡೆಯುತ್ತೆ.

ಮೂರು, ಸಂಬಳದ ಒಡಕು. ಸಿಟಿಸಿಯಲ್ಲಿ ಏರಿದ್ದೆಲ್ಲ ಕೈಗೆ ಬರಲ್ಲ. ಪೂರ್ತಿ ಬೇಸಿಕ್ ಮೇಲೆ ಪಿಎಫ್ ಕಟ್ಟೋ ಕಂಪನಿಯಲ್ಲಿ ಬೇಸಿಕ್ 1 ಲಕ್ಷ ಏರಿದ್ರೆ ಕಂಪನಿ ಪಾಲಿನ ಪಿಎಫ್ 12,000 ಮತ್ತು ಗ್ರಾಚ್ಯುಟಿಗೆ ಸುಮಾರು 4,810 ರೂಪಾಯಿ ಸಿಟಿಸಿಯಲ್ಲೇ ಸೇರಿಕೊಳ್ಳುತ್ತೆ, ನಿಮ್ಮ ಪಾಲಿನ ಪಿಎಫ್ ಬೇರೆ ಕಟ್ ಆಗುತ್ತೆ. ವೇರಿಯಬಲ್ ಎಷ್ಟು ಅಂತಲೂ ಕೇಳಿ.

ನಾಲ್ಕು, ಹೊಸ ಟೀಮ್ ಅದೇ ಗ್ರೂಪಿನ ಬೇರೆ ಲೀಗಲ್ ಎಂಟಿಟಿಯಲ್ಲಿದ್ರೆ ಹಳೆ ಸರ್ವೀಸ್ ಮುಂದುವರಿಯುತ್ತೆ ಅಂತ ಬರೆದು ಕೊಡಲಿ. ಪರ್ಮನೆಂಟ್ ನೌಕರರಿಗೆ ರಾಜೀನಾಮೆ ಕೊಟ್ಟಾಗ ಗ್ರಾಚ್ಯುಟಿ ಸಿಗೋಕೆ ಐದು ವರ್ಷದ ನಿರಂತರ ಸೇವೆ ಬೇಕು. ನಾಲ್ಕನೇ ವರ್ಷದಲ್ಲಿ "ರಿಸೈನ್ ಮಾಡಿ ಮತ್ತೆ ಸೇರಿ" ಅಂದ್ರೆ ಎಣಿಕೆ ಮೊದಲಿಂದ ಶುರುವಾಗಬಹುದು.

ಬೆಂಗಳೂರಿಗೆ ವಾಪಸ್ ಹೋಗೋರಿಗೆ

ಇದು ನಮ್ಮಂಥೋರಿಗೇ ಇರೋ ಸಮಸ್ಯೆ. ಪುಣೆ, ಹೈದರಾಬಾದ್, ನೋಯ್ಡಾದಲ್ಲಿರೋ ಎಷ್ಟೋ ಜನ ಒಳಗಿನ ಹುದ್ದೆ ಹುಡುಕೋದೇ ಬೆಂಗಳೂರಿಗೆ ಹೋಗೋಕೆ. ಅಪ್ಪ ಅಮ್ಮನಿಗೆ ವಯಸ್ಸಾಗಿದೆ, ಮಗು ಸ್ಕೂಲಿಗೆ ಸೇರಬೇಕು, ಕನ್ನಡ ಓದಲಿ ಅನ್ನೋ ಆಸೆ. ಇಂಟರ್‌ವ್ಯೂನಲ್ಲೇ ಹೇಳಿಬಿಡ್ತೀವಿ, "ಬೆಂಗಳೂರು ಕೊಟ್ರೆ ಸಾಕು ಸರ್." ಆ ಒಂದು ಮಾತಿಗೆ ನಿಮ್ಮ ರೋಲ್ ಬದಲಾವಣೆ "ನೌಕರರೇ ಕೇಳಿಕೊಂಡ ವರ್ಗಾವಣೆ" ಆಗಿಬಿಡುತ್ತೆ. ಹೈಕ್ ಇಲ್ಲ, ಸಾಮಾನು ಸಾಗಿಸೋ ಖರ್ಚೂ ನಿಮ್ಮದೇ.

ಪೋಸ್ಟಿಂಗೇ ಬೆಂಗಳೂರಿನದಾಗಿದ್ರೆ, ಅವರಿಗೆ ಅಲ್ಲಿ ಜನ ಬೇಕು, ನೀವು ಹೋಗ್ತಿದ್ದೀರಿ. ಅಷ್ಟೇ ಸಾಕು, ಮನೆ ಕಾರಣ ಹೇಳೋ ಅಗತ್ಯ ಇಲ್ಲ. ರೋಲ್ ಮತ್ತು ಗ್ರೇಡಿನ ಮಾತು ಮೊದಲು ಮುಗಿಸಿ, ರಿಲೊಕೇಶನ್ ಖರ್ಚು ಆಮೇಲೆ ಬೇರೆ ಮೇಲ್‌ನಲ್ಲಿ ಕೇಳಿ. ಮನೆ ಪರಿಸ್ಥಿತಿ ನಿಜವಾಗಲೂ ಕಾಯೋ ಹಾಗಿಲ್ಲ ಅಂದ್ರೆ ಹೈಕ್ ಬಿಟ್ಟು ಹೋಗಿ, ತಪ್ಪೇನಿಲ್ಲ. ಎಷ್ಟು ಬಿಡ್ತಿದ್ದೀವಿ ಅಂತ ಲೆಕ್ಕ ಹಾಕಿಕೊಂಡು ಬಿಡಿ.

ಆಗಲ್ಲ ಅಂದ್ರೆ?

ಬಜೆಟ್ ನಿಜವಾಗಲೂ ಇಲ್ಲದೇ ಇರಬಹುದು. ಆಗ "ಆರು ತಿಂಗಳಿಗೆ ಗ್ರೇಡ್ ಮತ್ತು ಸಂಬಳದ ರಿವ್ಯೂ" ಅಂತ ದಿನಾಂಕ ಹಾಕಿ ಮೇಲ್ ತಗೊಳ್ಳಿ. ಅದನ್ನೂ ಕೊಡಲ್ಲ ಅಂದ್ರೆ ನಿಮ್ಮನ್ನೇ ಕೇಳಿಕೊಳ್ಳಿ: ಈ ರೋಲ್‌ನಲ್ಲಿ ಕಲಿಯೋದು ಒಂದು ವರ್ಷ ಬಿಟ್ಟು ಹೊರಗೆ ಬೆಲೆ ತರುತ್ತಾ? ತರುತ್ತೆ ಅಂದ್ರೆ ಹೋಗಿ, ಕಲಿತುಕೊಳ್ಳಿ. ಬರೀ ಕೆಲಸ ಜಾಸ್ತಿ ಆಗೋದಾದ್ರೆ "ಇನ್ನೊಂದು ಸಲ ನೋಡ್ತೀನಿ" ಅಂತ ಮರ್ಯಾದೆಯಿಂದಲೇ ಹೇಳಿ.

ನನ್ನ ಇಂಟರ್‌ವ್ಯೂನಲ್ಲಿ ಪಾಸಾದ ಆ ಹುಡುಗ ಈಗ ಒಳ್ಳೆ ಗೆಳೆಯ. ಹೋದ ವರ್ಷ ಅವನೂ ಒಳಗೇ ಟೀಮ್ ಬದಲಾಯಿಸಿದ. ಹೂಂ ಅನ್ನೋ ಮುಂಚೆ ಫೋನ್ ಮಾಡಿ ಕೇಳಿದ, "ಅಣ್ಣಾ, ಎಷ್ಟು ಕೇಳಲಿ?" ಮೊದಲು ಬ್ಯಾಂಡ್ ಎಷ್ಟು ಅಂತ ಕೇಳಿಕೊಂಡು ಬಾ ಅಂದೆ.